ಜಾಡಿಗಳ ಹಿಂದಿನ ಅನ್ನ

ನನ್ನ ಅಜ್ಜಿಯನ್ನು ಕಂಡರೆ ನನಗೆ ಹೇಸಿಗೆ. ಎಂಬತ್ತೆಂಟರ ಮುದುಕಿಯ ಬಗ್ಗೆ ಹಾಗೆನ್ನಬಾರದು ಎನ್ನುವವರು ಇದನ್ನು ಪೂರ್ತಿ ಓದಲಿ.

ನನ್ನ ತಮ್ಮ ತೇಹೊ ಇಪ್ಪತ್ತರ ವಯಸ್ಸಿನಲ್ಲಿ ಮಾತಿನ ದಾರಿ ತಪ್ಪಿದ. ಊಟ ಆಯ್ತಾ ಎಂದು ಕೇಳಿದರೆ, "ಸೇತುವೆ ಉಪ್ಪು ತಿಂತು, ಶುಕ್ರವಾರಕ್ಕೆ ಹಲ್ಲಿಲ್ಲ" ಎನ್ನುತ್ತಾನೆ. ಅದಕ್ಕೆ ಅಜ್ಜಿ ಕಂಡುಹಿಡಿದ ಕಾರಣ ನನ್ನ ಅಮ್ಮ. ಬಸುರಿಯಾಗಿದ್ದಾಗ ಅಮ್ಮ ಬಯಕೆಪಟ್ಟು ಆಕ್ಟೋಪಸ್ ತಿಂದಿದ್ದಳು.

"ಮೂಳೆ ಇಲ್ಲದ್ದು ತಿಂದ್ಲು, ಮಗನ ಮಾತಿಗೂ ಮೂಳೆ ಇಲ್ಲ," ಎಂದು ಅಜ್ಜಿ ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಅಮ್ಮ ತಲೆ ತಗ್ಗಿಸಿ ಬಾರ್ಲಿ ಟೀ ಬಗ್ಗಿಸುತ್ತಿದ್ದಳು. ತೇಹೊನ ಮಾತು ಕೆಟ್ಟಾಗಿನಿಂದ, ಹದಿನಾರು ವರ್ಷ, ಅವಳು ಆಕ್ಟೋಪಸ್ ಮುಟ್ಟಿರಲಿಲ್ಲ.

ಕಳೆದ ತಿಂಗಳು ಮೊದಲ ಸಲ ಎಲ್ಲರೂ ಒಟ್ಟಿಗೆ ತೇಹೊನನ್ನು ದೇಗು ನಗರದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಜ್ಜಿ ಅಲ್ಲೂ ಆಕ್ಟೋಪಸ್ ಕಥೆ ಹೇಳಿದಳು. ಡಾಕ್ಟರಮ್ಮ ಹಾಳೆಯ ಮೇಲೆ ಮಿದುಳಿನ ಚಿತ್ರ ಬರೆದರು.

"ಅರ್ಥ ಹುಡುಕೋ ಜಾಗಕ್ಕೂ ಮಾತು ಜೋಡಿಸೋ ಜಾಗಕ್ಕೂ ನಡುವೆ ಎಳೆಗಳಿವೆ. ಇವರಲ್ಲಿ ಅವು ಸರಿಯಾಗಿ ಕೆಲಸ ಮಾಡ್ತಿಲ್ಲ. ಬೇಡದ ಪದಗಳನ್ನ ತಡೆಯೋಕೆ ಆಗಲ್ಲ, ಎಲ್ಲ ಒಟ್ಟಿಗೆ ನುಗ್ಗುತ್ವೆ. ಡೋಪಮೀನ್ ಅನ್ನೋ ರಾಸಾಯನಿಕದ ಏರುಪೇರೂ ಇದೆ. ಆಕ್ಟೋಪಸ್ಸಿಗೂ ಇದಕ್ಕೂ ಸಂಬಂಧ ಇಲ್ಲ. ವಂಶದಲ್ಲಿ ಯಾರಿಗಾದ್ರೂ ಹೀಗಿತ್ತಾ?"

"ನಮ್ಮ ಕಡೆ ಯಾರೂ ಇಲ್ಲಮ್ಮ. ಸೊಸೆ ಕಡೆ ಕೇಳಿ," ಎಂದಳು ಅಜ್ಜಿ.

ಆಗ ನನಗೆ ಫಕ್ಕನೆ ನೆನಪಾಯಿತು. ಪ್ರತಿ ವರ್ಷ ಚುಸೊಕ್ ಸುಗ್ಗಿ ಹಬ್ಬದಲ್ಲಿ ಹಿರಿಯರಿಗೆ ಎಡೆ ಇಟ್ಟಾದ ಮೇಲೆ ಅಜ್ಜಿ ಹಿತ್ತಲಿನ ಸೋಯಾ ಸಾಸಿನ ಜಾಡಿಗಳ ಹಿಂದೆ ಒಂದು ಬಟ್ಟಲು ಅನ್ನ ಇಡುತ್ತಾಳೆ. ಬೆಕ್ಕಿಗೆ ಅನ್ನುತ್ತಾಳೆ. ಚಿಕ್ಕವಳಿದ್ದಾಗ ಒಮ್ಮೆ ನಾನು ಕೇಳಿಸಿಕೊಂಡಿದ್ದೆ, "ತಮ್ಮಾ, ಇವತ್ತಾದ್ರೂ ನೆಟ್ಟಗೆ ಮಾತಾಡೋ" ಎಂದು ಅವಳು ಅಲ್ಲಿ ಗೊಣಗುತ್ತಿದ್ದಳು.

"ಅಜ್ಜಿ, ಜಾಡಿ ಹಿಂದೆ ಇಡೋ ಅನ್ನ ನಿನ್ನ ತಮ್ಮನಿಗೆ ಅಲ್ವಾ?"

ಮುದುಕಿ ಮಿದುಳಿನ ಚಿತ್ರದ ಹಾಳೆಯನ್ನು ಮಗುಚಿಟ್ಟಳು. "ಅವನೂ ಹೀಗೇ ಮಾತಾಡ್ತಿದ್ದ. ಮನೆಯವರು ಅವನನ್ನ ಬೆಟ್ಟದ ಮೇಲೆ ಬಿಟ್ಟು ಬಂದ್ರು. ಹೇಳಿದ್ರೆ ನನ್ನ ಅತ್ತೆ ನನ್ನ ಹೊರಗೆ ಹಾಕ್ತಿದ್ಲು."

"ನಿನ್ನ ಅತ್ತೆ ಸತ್ತು ನಲವತ್ತು ವರ್ಷ ಆಯ್ತಲ್ಲ."

ಇದು ಯಾರ ತಪ್ಪೂ ಅಲ್ಲ ಎಂದರು ಡಾಕ್ಟರಮ್ಮ. ರಕ್ತ ಯಾರ ತಪ್ಪೂ ಅಲ್ಲ, ಒಪ್ಪಿದೆ. ಎಲ್ಲ ಗೊತ್ತಿದ್ದೂ ಸೊಸೆಯ ತಲೆಗೆ ಕಟ್ಟಿದ್ದು? ಎಲುಬಿಲ್ಲದ ನಾಲಿಗೆ ನನ್ನ ತಮ್ಮನದಲ್ಲ. ಹೊರಗೆ ಬರುವಾಗ ಅಜ್ಜಿಯ ಕೈ ಹಿಡಿಯಬೇಕಾಗಿ ಬಂದಾಗ ಅಂಗಿಯ ತೋಳನ್ನಷ್ಟೇ ಹಿಡಿದೆ.

ಅಮ್ಮ ಅಳಲಿಲ್ಲ, ಬೈಯಲಿಲ್ಲ. ದಾರಿಯಲ್ಲಿ ಹೋಟೆಲಿಗೆ ಕರೆದುಕೊಂಡು ಹೋಗಿ ಖಾರದ ಆಕ್ಟೋಪಸ್ ತರಿಸಿದಳು. ಒಂದು ತುಂಡು ತಾನು ತಿಂದಳು. ಇನ್ನೊಂದನ್ನು ಕತ್ತರಿಯಲ್ಲಿ ಸಣ್ಣಗೆ ಕತ್ತರಿಸಿ ಅಜ್ಜಿಯ ಅನ್ನದ ಮೇಲಿಟ್ಟಳು.

"ತಿನ್ನಿ ಅತ್ತೆ. ಈ ಸಲ ಹಬ್ಬಕ್ಕೆ ನಿಮ್ಮ ತಮ್ಮನಿಗೂ ಒಳಗೇ ಎಡೆ ಇಡೋಣ. ಅವರ ಹೆಸರೇನು?"

ಅಜ್ಜಿ ಬಟ್ಟಲು ಖಾಲಿ ಮಾಡಿದಳು. ಹೆಸರು ಹೇಳಲಿಲ್ಲ.