ಚನ್ನಬಸಪ್ಪ ಇಲ್ಲಿಲ್ಲ

"ಮೇಡಮ್, ನಿಮ್ಮ ವಿಳಾಸದಲ್ಲಿ ಚನ್ನಬಸಪ್ಪ ಎಂಬುವವರು ಯಾರೂ ಇಲ್ಲವಂತೆ. ಹಾಗೆಂದೇ ವರದಿ ಕೊಡಲೇ?"

ಸೂರತ್‌ನ ಕೆಲಸ ಮುಗಿಸಿ, ವಡೋದರಾ ಸಮೀಪಿಸುತ್ತಿದ್ದ ರೈಲಿನ ಬಾಗಿಲ ಬಳಿ ನಿಂತಿದ್ದ ವಿಂಧ್ಯಾ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು. ಫೋನಿನಲ್ಲಿದ್ದವನು ವಾಮನ; ಬ್ಯಾಂಕಿನ ಪರವಾಗಿ ಅರ್ಜಿದಾರರ ವಿಳಾಸ ಪರಿಶೀಲಿಸುವವನು.

"ಚನ್ನಬಸಪ್ಪ ನನ್ನ ತಂದೆ! ಅವರಿರುವುದು ದಾವಣಗೆರೆಯಲ್ಲಿ. ಆ ಮನೆಯಲ್ಲಿರುವವಳು ನಾನು."

"ಅರ್ಜಿಯಲ್ಲಿ ಅಡ್ಡಹೆಸರು ಎಂದು ಅದೇ ಇದೆಯಲ್ಲ? ನಮ್ಮ ಗೋರ್ವಾ ಬಡಾವಣೆಯಲ್ಲಿ ಮನೆ ಹುಡುಕುವುದು ಅಡ್ಡಹೆಸರಿನಿಂದಲೇ. ಕಾವಲುಗಾರ ಇಲ್ಲವೆಂದು ಕೈಯಲ್ಲಾಡಿಸಿಬಿಟ್ಟ. ಇದು ಎರಡನೆಯ ಭೇಟಿ, ಮೂರನೆಯದು ಇರುವುದಿಲ್ಲ. ಅಕ್ಕಪಕ್ಕದಲ್ಲಿ ನಿಮ್ಮನ್ನು ಬಲ್ಲವರು ಯಾರಾದರೂ..."

ಅಷ್ಟರಲ್ಲಿ ಸಿಗ್ನಲ್ ಕಡಿದುಹೋಯಿತು.

ಎಡವಟ್ಟು ಅವಳದೇ. ಅವಳ ಮನೆತನಕ್ಕೆ ಅಡ್ಡಹೆಸರೆಂಬುದೇ ಇರಲಿಲ್ಲ. ಹೆಸರಿನ ಜೊತೆಗೆ ‘ಸಿ’ ಎಂಬ ಒಂದೇ ಅಕ್ಷರವನ್ನು ಹೊತ್ತು ಬೆಳೆದವಳು, ಆ ಕಲಂ ಖಾಲಿ ಬಿಟ್ಟರೆ ಅರ್ಜಿ ಮುಂದೆ ಸಾಗದೆಂದು ಅಪ್ಪನನ್ನೇ ಅಲ್ಲಿ ಕೂರಿಸಿದ್ದಳು.

ಪದವಿ ಮುಗಿಸಿ ಸೇರಿದ ಮೊದಲ ಕೆಲಸ, ಸಿಂಗಪುರದಲ್ಲಿ ತರಬೇತಿ. ಅಲ್ಲಿನ ಹೋಟೆಲಿನವರು ಸ್ವಂತ ಹೆಸರಿನ ಕ್ರೆಡಿಟ್ ಕಾರ್ಡ್ ಕಾಣದೆ ಕೋಣೆ ಕೊಡುವುದಿಲ್ಲ. ಹೊಸ ಪದವೀಧರರಿಗೂ ಸಿಗುವ ಪ್ರಯಾಣದ ಕಾರ್ಡಿಗೆ ವಿಂಧ್ಯಾ ಕೈಚಾಚಿದ್ದು ಅದಕ್ಕಾಗಿಯೇ. "ಸೋಮವಾರದೊಳಗೆ ಮಂಜೂರಾಗದಿದ್ದರೆ ನಿಮ್ಮ ಬದಲು ನಿಮ್ಮ ಸಹೋದ್ಯೋಗಿ ಕಿಶೋರ್ ಹೋಗಲಿ" ಎಂದು ಅಹಮದಾಬಾದಿನ ಮುಖ್ಯ ಕಚೇರಿ ಖಡಾಖಂಡಿತವಾಗಿ ತಿಳಿಸಿಯಾಗಿತ್ತು.

ಅಕ್ಕಪಕ್ಕದಲ್ಲಿ ಬಲ್ಲವರು! ಎದುರು ಮನೆಯ ಗುಜರಾತಿ ಹಿರಿಯಾಕೆ ನಳಿನಿಬೆನ್ ಒಬ್ಬರೇ. ಅವರೊಡನೆ ಮೊನ್ನೆಯಷ್ಟೇ, ಎರಡೂ ಬಾಗಿಲುಗಳ ನಡುವಿನ ಪಡಸಾಲೆಯಲ್ಲಿ, ಮಹಾಯುದ್ಧ ನಡೆದಿತ್ತು.

"ನಿನ್ನ ಚಪ್ಪಲಿಗಳು ನನ್ನ ತುಳಸಿಗೆ ಪ್ರದಕ್ಷಿಣೆ ಹಾಕುತ್ತಿವೆಯೇನು?"

"ಹಾಕಲಿ ಬಿಡಿ ಬೆನ್, ಅವಕ್ಕೂ ಒಂದಿಷ್ಟು ಪುಣ್ಯ ಬರಲಿ!"

ಆಗ ಧಡಾರನೆ ಮುಚ್ಚಿದ ಬಾಗಿಲು ಮತ್ತೆ ತೆರೆದಿರಲಿಲ್ಲ. ಅಂಥವರ ಬಾಯಿಂದ ಇಂದು ಒಳ್ಳೆಯ ಮಾತು ಹೊರಟೀತೇ?

ನಿಲ್ದಾಣದಿಂದ ಹಿಡಿದ ಆಟೋ ಪೂರ್ತಿ ನಿಲ್ಲುವ ಮೊದಲೇ ವಿಂಧ್ಯಾ ಇಳಿದು ಓಡಿದಳು. ಗೇಟಿನ ಬಳಿ ಯಾರೂ ಇರಲಿಲ್ಲ.

"ಆ ಬ್ಯಾಂಕಿನವನೇ? ಹೊರಟಿದ್ದ. ನಳಿನಿಬೆನ್ ಬಾಲ್ಕನಿಯಿಂದ ಕೂಗಿ ಮೇಲಕ್ಕೆ ಕರೆಸಿಕೊಂಡರು," ಎಂದ ಕಾವಲುಗಾರ. "ಇನ್ನೂ ಇಳಿದಿಲ್ಲ. ಬಹಳ ಹೊತ್ತಾಯಿತು."

ಬಹಳ ಹೊತ್ತು! ದೂರುಗಳು ಅಷ್ಟೊಂದಿದ್ದವೇ? ಅವಳು ಎರಡೆರಡು ಮೆಟ್ಟಿಲು ಹಾರಿ ಮೇಲೇರಿದಳು. ನಳಿನಿಬೆನ್ ಮನೆಯ ಬಾಗಿಲು ಅರೆತೆರೆದಿತ್ತು. ಒಳಗಿನಿಂದ ಆ ಪರಿಚಿತ ಗಡಸು ದನಿ:

"ಬರೆದುಕೊ. ಈ ಹುಡುಗಿಗೆ ಚಪ್ಪಲಿ ಎಲ್ಲಿಡಬೇಕೆಂಬುದು ಗೊತ್ತಿಲ್ಲ."

ವಿಂಧ್ಯಾ ನಿಂತಲ್ಲೇ ಕಲ್ಲಾದಳು. ಮುಗಿಯಿತು.

"ಅದಕ್ಕೆ ಇದರಲ್ಲಿ ಜಾಗವಿಲ್ಲ, ಬೆನ್," ವಾಮನನ ದನಿ, ಗರಿಗರಿ ಖಾಖ್ರಾ ರೊಟ್ಟಿ ಮುರಿಯುವ ಸದ್ದಿನ ನಡುವೆ.

"ಜಾಗವಿಲ್ಲವೇ? ಹಾಗಾದರೆ ಇದನ್ನು ಬರೆ. ಕಾಲೇಜಿನ ದಿನಗಳಿಂದ ಎದುರು ಮನೆಯಲ್ಲಿದ್ದಾಳೆ. ದಾವಣಗೆರೆಯಿಂದ ಚನ್ನಬಸಪ್ಪಭಾಯಿ ಮಗಳಿಗೆ ಮಂಡಕ್ಕಿ, ಚಟ್ನಿಪುಡಿ ಕಳಿಸುತ್ತಾರೆ. ಇವಳು ಮನೆಯಲ್ಲಿಲ್ಲದಾಗ ಪಾರ್ಸೆಲ್ ಇಸಿದುಕೊಳ್ಳುವವಳು ನಾನು. ನಮ್ಮಲ್ಲಿ ಅಪ್ಪ ಹೆಸರಿನ ನಡುವೆ ನಿಲ್ಲುತ್ತಾನೆ, ಅವರಲ್ಲಿ ಕೊನೆಗೆ ನಿಲ್ಲುತ್ತಾನೆ. ಎಲ್ಲಿ ನಿಂತರೂ ಅಪ್ಪ ಅಪ್ಪನೇ ತಾನೆ? ಇಷ್ಟಕ್ಕೆ ಹುಡುಗಿಯ ವಿಮಾನ ತಪ್ಪಿಸುತ್ತೀಯೇನು?"

ಹೊಸ್ತಿಲಲ್ಲಿ ನಿಂತ ವಿಂಧ್ಯಾಳ ಕಣ್ಣು ಮಂಜಾಯಿತು. ಬಾಗಿಲ ಬಳಿ ಜೋಪಾನವಾಗಿ ಕಾದಿರುತ್ತಿದ್ದ ಆ ಪಾರ್ಸೆಲ್‌ಗಳನ್ನು ಅವಳು ಎಷ್ಟು ಸಲ ಎತ್ತಿಕೊಂಡಿದ್ದಳು! ಅವನ್ನು ತೆಗೆದುಕೊಂಡವರಾರು, ಅಲ್ಲಿಟ್ಟವರಾರು ಎಂದು ಒಮ್ಮೆಯಾದರೂ ಕೇಳಿರಲಿಲ್ಲ.

ವಾಮನ ಅವಳ ಗುರುತಿನ ಚೀಟಿಯನ್ನು ಪರಿಶೀಲಿಸಿ, "ನೆರೆಯವರ ಸಾಕ್ಷ್ಯ ಸಾಕು ಮೇಡಮ್," ಎಂದು ನಗುತ್ತ ಎದ್ದ. ಶನಿವಾರ ಸಂಜೆ ಕಾರ್ಡ್ ಮಂಜೂರಾದ ಸಂದೇಶ ಬಂತು.

ಮೊಬೈಲ್ ಹಿಡಿದೇ ವಿಂಧ್ಯಾ ಎದುರು ಬಾಗಿಲು ತಟ್ಟಿದಳು. "ಬೆನ್, ಸಿಕ್ಕಿತು! ನೀವಿಲ್ಲದಿದ್ದರೆ..."

"ಸಾಕು, ಸಾಕು," ಎಂದ ನಳಿನಿಬೆನ್ ದೃಷ್ಟಿ ಅವಳ ಮುಖದಿಂದ ಕಾಲಿಗಿಳಿದು, ಅಲ್ಲಿಂದ ಪಡಸಾಲೆಯತ್ತ ಹರಿಯಿತು. ತುಳಸಿಯ ಸುತ್ತ ನೆಲವನ್ನು ವಿಂಧ್ಯಾ ಆಗಲೇ ಗುಡಿಸಿ ಒರೆಸಿದ್ದಳು. ಒಂದೇ ಒಂದು ಚಪ್ಪಲಿಯೂ ಕಾಣಲಿಲ್ಲ.

"ಅಯ್ಯೋ," ಎಂದರು ಅವರು, ನಗು ತಡೆಯಲಾರದೆ, "ಇನ್ನು ಅವಕ್ಕೆ ಪುಣ್ಯ ಬರುವುದು ಹೇಗೆ ಬೇಟಾ?"

"ಅವನ್ನು ಸಿಂಗಪುರಕ್ಕೆ ಕರೆದುಕೊಂಡು ಹೋಗುತ್ತೇನೆ ಬೆನ್. ಆ ಪುಣ್ಯವೆಲ್ಲ ನಿಮ್ಮದೇ."