ಅಕ್ಕ ಕಿತ್ತ ಗೂಟ

ನಮ್ಮಕ್ಕ ಹುಬ್ಬು ಗಂಟಿಕ್ಕಿದರೆ ಗೊಬ್ಬರ ಕಾರ್ಖಾನೆಯ ಚಿಮಣಿಯೂ ಹೊಗೆ ನುಂಗಿಕೊಂಡು ನಿಲ್ಲುತ್ತದೆ. ಅಂಥವಳು ಆ ಬೆಳಿಗ್ಗೆ, ತನ್ನ ಲಾಂಡ್ರಿಯ ಹಿಂದೆ ಸರ್ವೆಯವರು ನೆಟ್ಟಿದ್ದ ಕೆಂಪು ಗೂಟವನ್ನು ಕಿತ್ತು, ಬಾಗಿಲು ಹೊಡೆದುಕೊಳ್ಳದಂತೆ ಸಂದಿಗೆ ತುರುಕಿದಳು.

ಅದು ಕಾರ್ಖಾನೆಗೆ ಬರಲಿದ್ದ ಹೈ ಟೆನ್ಶನ್ ಕರೆಂಟ್ ಲೈನಿನ ಕಂಬದ ಗುರುತು. ಮಧ್ಯಾಹ್ನವೇ ಅಹವಾಲು ಸಭೆ. ಅಲ್ಲಿ ದಾರಿ ತೀರ್ಮಾನವಾಗದಿದ್ದರೆ ಲೈನು ಬರುವುದಿಲ್ಲ. ಲೈನು ಬರದಿದ್ದರೆ, ಗ್ಯಾಸು ಬಿಟ್ಟು ಕರೆಂಟಿಗೆ ಬದಲಾಗಬೇಕಾದ ಅಮೋನಿಯಾ ಘಟಕಕ್ಕೆ ಬೀಗ, ಅಲ್ಲಿ ದುಡಿಯುವ ಭಾವನಿಗೂ ಅಕ್ಕನ ಮಗಳಿಗೂ ಮನೆಯೇ ಗತಿ. ನಾನು ಸಂಧಾನಕ್ಕೆ ಹೋದೆ. ನನ್ನ ಮಾತಿಗೆ ಬಂಡೆ ಕರಗುತ್ತದೆ. ಅಕ್ಕ ಕರಗಲಿಲ್ಲ, ಇಸ್ತ್ರಿಪೆಟ್ಟಿಗೆಯನ್ನು ನನ್ನತ್ತ ತಿರುಗಿಸಿದಳು.

ಅಷ್ಟರಲ್ಲಿ ಮಗಳು ಕೆಲಸದ ಬೂಟಿನಲ್ಲೇ ಓಡಿಬಂದಳು.

"ಕಾರ್ಖಾನೆ ಬದಲಾಗ್ಲಿ, ನಾನೇನು ಬೇಡ ಅಂದ್ನಾ? ತಂತಿ ನನ್ನ ತಲೆ ಮೇಲೇ ಯಾಕೆ ಬರ್ಬೇಕು?" ಅಂದಳು ಅಕ್ಕ.

"ಅಮ್ಮಾ, ಗೊಬ್ಬರಕ್ಕೆ ಅಮೋನಿಯಾ ಬೇಕು, ಅಮೋನಿಯಾಕ್ಕೆ ಹೈಡ್ರೋಜನ್ ಬೇಕು. ಈಗ ಅದನ್ನ ಗ್ಯಾಸಿಂದ ತೆಗೀತೀವಿ, ಭೂಮಿನ ಬಿಸಿ ಮಾಡೋ ಇಂಗಾಲನ ಮೇಲಕ್ಕೆ ಬಿಡ್ತೀವಿ. ಇನ್ಮೇಲೆ ನೀರನ್ನ ಕರೆಂಟಲ್ಲಿ ಒಡೆದು ತೆಗೀತೀವಿ. ಗಾಳಿ, ಬಿಸಿಲಿನ ಕರೆಂಟು ದೂರದ ಬಯಲಲ್ಲಿದೆ. ಅದೇನು ಬಸ್ಸು ಹತ್ತಿ ಬರುತ್ತಾ?"

ನನಗೆ ನಗು ಬಂತು. ಅಕ್ಕನಿಗೆ ಬರಲಿಲ್ಲ. ನೀರಿಗಾಗಿ ನಮ್ಮ ನಲ್ಲಿ ಒಣಗಿಸುತ್ತೀರಾ ಎಂದಳು. ಊರಿನ ಕೊಳಚೆ ನೀರನ್ನೇ ಶುದ್ಧ ಮಾಡಿ ಪೈಪಿನಲ್ಲಿ ತರುತ್ತಾರೆ, ಅದಕ್ಕೂ ಒಂದು ಘಟಕ ಕಟ್ಟಬೇಕು ಎಂದಳು ಮಗಳು. ಗಾಳಿ ನಿಂತರೆ ಎಂದಳು ಅಕ್ಕ. ಹೈಡ್ರೋಜನ್ ಕೂಡಿಡುವ ಟ್ಯಾಂಕು ಬೇಕು ಎಂದಳು ಮಗಳು. ಹಾಗಾದರೆ ಕಾರ್ಖಾನೆಯ ಅಮೋನಿಯಾ ಘಾಟು ಇನ್ನಿರುವುದಿಲ್ಲವೇ ಎಂದಳು ಅಕ್ಕ. ನಾನಾಗಿದ್ದರೆ ಊರೆಲ್ಲ ಮಲ್ಲಿಗೆ ಘಮ ಅನ್ನುತ್ತಿದ್ದೆ. ಮಗಳು ಹಾಗನ್ನಲಿಲ್ಲ.

"ಅಮೋನಿಯಾ ಅದೇ ಅಮೋನಿಯಾ. ಸೋರಿದ್ರೆ ಈಗಿನಷ್ಟೇ ಅಪಾಯ. ಸೈರನ್ನು, ಕಾವಲು ಇರ್ಲೇಬೇಕು. ಅದನ್ನ ಕೇಳೋ ಹಕ್ಕು ನಿಂಗಿದೆ. ಗೂಟ ಕಿತ್ರೆ ಯಾರಿಗೆ ಕೇಳುತ್ತೆ?"

ಇಸ್ತ್ರಿ ಕೆಳಗೆ ಅಂಗಿ ಸೀಯುತ್ತಿತ್ತು, ನನ್ನದೇ. ಅಕ್ಕ ಗೂಟ ಎತ್ತಿಕೊಂಡು ಸೀದಾ ಸಭೆಗೆ ನಡೆದಳು. ಅಧಿಕಾರಿಯ ಮೇಜಿನ ಮೇಲೆ ಅದನ್ನು ಕುಕ್ಕಿದ ಸದ್ದಿಗೆ ಪಕ್ಕದ ಜಿಲ್ಲೆಯ ಕಿಟಕಿಗಳೂ ಅದುರಿದವು.

"ಲೈನು ಬರ್ಲಿ. ಮನೆಗಳಿಂದ ದೂರ, ಕಾಲುವೆ ಏರಿ ಮೇಲೆ ಬರ್ಲಿ. ಸೈರನ್ ಮೊದ್ಲು ಬರ್ಲಿ."

ಅಧಿಕಾರಿ ನಕ್ಷೆಯ ಮೇಲೆ ಬಹಳ ಹೊತ್ತು ಬಗ್ಗಿದ್ದರು. ಸಭೆಗೆ ಮೊದಲೇ ಬಂದು ಕೂತಿದ್ದ ಭಾವನ ಮುಖ ಸುಣ್ಣವಾಗಿತ್ತು. ಕೊನೆಗೆ ಪೆನ್ಸಿಲ್ ಏರಿಯತ್ತ ಸರಿಯಿತು. ಸಂಜೆ ಆ ಏರಿಯ ಮೇಲೆ ಅಕ್ಕನೇ ಗೂಟ ಹಿಡಿದಳು, ಭಾವ ಸುತ್ತಿಗೆ ಬೀಸಿದ.

ನಿಮ್ಮೂರಿಗೂ ಅಂಥ ಗೂಟ ಬಂದೀತು. ಕೀಳಬೇಡಿ, ಕಣ್ಣು ಮುಚ್ಚಿ ಒಪ್ಪಲೂ ಬೇಡಿ. ತಂತಿ ಯಾವ ದಾರಿ, ನೀರು ಎಲ್ಲಿಂದ, ಟ್ಯಾಂಕು ಎಷ್ಟು ದೂರ, ಸಭೆಗೆ ಹೋಗಿ ಕೇಳಿ. ಇವಿಲ್ಲದೆ ಇಂಗಾಲ ಉಗುಳದ ಅಮೋನಿಯಾ ಬರೀ ಬಾಯಿಮಾತು. ಬಾಯಿಮಾತಿಗೆ ಊರಲ್ಲಿ ನಾನೊಬ್ಬ ಸಾಕು.