ಹಣೆಯ ಮೇಲಿನ ಒದ್ದೆ ಬಟ್ಟೆ

"ಏಯ್ ಮುದಿ ಎಮ್ಮೆ, ಹಣೆ ತೋರ್ಸು! ಮದುವೆ ಹೆಣ್ಣೇನೇ ನೀನು, ತಲೆ ತಗ್ಗಿಸ್ಕೊಂಡು ನಿಲ್ಲೋಕೆ?"

ಆಸ್ಪತ್ರೆಯ ಬಟ್ಟೆ ಒಗೆಯುವ ಶೆಡ್ಡಿನ ಬಾಗಿಲಲ್ಲಿ ಸೂಪರ್‌ವೈಸರನ ಸ್ವಾಗತ ದಿನವೂ ಹೀಗೇ. ಕೈಯಲ್ಲಿ ಜ್ವರ ಅಳೆಯುವ ಗನ್ನು. ಹಸಿರು ಬಂದರೆ ಒಳಗೆ, ಕೆಂಪು ಬಂದರೆ ಮನೆಗೆ. ಮನೆಗೆ ಹೋದವಳ ಜಾಗದಲ್ಲಿ ಮೂರನೆಯ ದಿನ ಬೇರೊಬ್ಬಳು. ಹಾಗಾಗಿ ನಾವೊಂದು ಉಪಾಯ ಕಲಿತಿದ್ದೆವು. ತಿರುವಿನ ನಲ್ಲಿಯಲ್ಲಿ ಬಟ್ಟೆಯ ಚೂರು ನೆನೆಸಿ ಹಣೆಗೆ ಒತ್ತಿಕೊಂಡು ನೂರು ಎಣಿಸುವುದು, ಒರೆಸಿಕೊಂಡು ಸಾಲಿಗೆ ನಿಲ್ಲುವುದು. ಗನ್ನಿಗೆ ಚರ್ಮವಷ್ಟೇ ಕಾಣುತ್ತದೆ. ಅವನಿಗೂ ಗೊತ್ತಿತ್ತು. "ನೆಟ್ಟಗೆ ಒರೆಸ್ಕೊಳ್ರೇ, ನೀರು ತೊಟ್ಟಿಕ್ತಿದೆ" ಎಂದು ನಗುತ್ತಿದ್ದ.

ಅದೇ ಶೆಡ್ಡಿನಲ್ಲಿ ನನ್ನ ಜೊತೆ ದುಡಿಯುತ್ತಿದ್ದ ಸೊಸೆಗೆ ಬಸುರಿನ ಎಂಟನೆಯ ತಿಂಗಳಲ್ಲಿ ಜ್ವರ ಬಂತು. ಶೆಡ್ಡಿನಲ್ಲೆಲ್ಲ ಹರಡಿದ್ದ ವೈರಸ್ಸೇ.

"ಅತ್ತೆ, ಕಾಲೇ ನಿಲ್ತಿಲ್ಲ. ಇವತ್ತೊಂದಿನ ಮಲ್ಗ್ತೀನಿ."

"ಮಲ್ಗು ಮಹಾರಾಣಿ. ನಾಲ್ಕು ಹೆತ್ತೋಳು ನಾನು, ಒಂದಿನ ಮಲ್ಗಿದ್ನಾ?"

ಬಟ್ಟೆ ನೆನೆಸಿ ಅವಳ ಹಣೆಗೆ ಒತ್ತಿದವಳು ನಾನೇ. ನಾಲ್ಕು ದಿನ.

ಮಗು ಹುಟ್ಟಿದ ಎರಡನೆಯ ದಿನ ಹಾಲು ಬಿಟ್ಟಿತು. ಗಾಜಿನ ಪೆಟ್ಟಿಗೆಯಲ್ಲಿ, ನಾವೇ ಒಗೆದ ಬಟ್ಟೆಯ ಮೇಲೆ, ಅಂಗೈಯಗಲದ ಎದೆ ತಾಳ ತಪ್ಪಿ ಬಡಿಯುತ್ತಿತ್ತು. ಯಾರಿಗೆ ಯಾವತ್ತು ಕೆಂಪು ಬಂತೆಂದು ಬರೆದಿಡುವ ಶೆಡ್ಡಿನ ಪುಸ್ತಕವನ್ನು ಡಾಕ್ಟರಮ್ಮ ತರಿಸಿದ್ದರು. ಅದನ್ನು ಹಿಡಿದು ಸೂಪರ್‌ವೈಸರ್ ಪಕ್ಕದಲ್ಲೇ ನಿಂತಿದ್ದ.

"ಸೋಂಕಿನ ಔಷಧಿ ಹಿಡೀತಿಲ್ಲ. ಹೃದಯ ಊದಿಕೊಂಡಿದೆ. ಬಸುರೀಲಿ ಜ್ವರ ಬಂದಿತ್ತಾ?" ಕೇಳಿದರು ಡಾಕ್ಟರಮ್ಮ.

"ಪುಸ್ತಕದಲ್ಲಿ ಒಂದಿನಾನೂ ಇಲ್ಲ ಮೇಡಂ" ಅಂದ ಅವನು.

ಸೊಸೆ ನನ್ನ ಮುಖ ನೋಡಿದಳು.

"ಇಲ್ಲ" ಅಂದೆ ನಾನು.

"ಯೋಚ್ನೆ ಮಾಡಿ ಅಜ್ಜಿ. ತಾಯಿಗೆ ವೈರಸ್ ಬಂದ್ರೆ ಅವಳ ರಕ್ತ ಕಾವಲಿಗೆ ಆಳು ಇಡುತ್ತೆ. ಆ ಆಳುಗಳು ಮಗುವಿಗೂ ಹೋಗ್ತವೆ. ಕೆಲವು ಸಲ ಕಳ್ಳ ಹೋದ್ಮೇಲೂ ಬಡಿಯೋದು ನಿಲ್ಲಲ್ಲ, ಮನೆಯವರಿಗೇ ಬೀಳುತ್ತೆ ಏಟು. ಹಾಗಾಗಿದ್ರೆ ಬೇರೆ ಔಷಧಿ ಇದೆ. ಇವತ್ತೇ ಶುರು ಮಾಡ್ಬೇಕು."

ಸೊಂಟಕ್ಕೆ ಸಿಕ್ಕಿಸಿದ್ದ ಬಟ್ಟೆಯ ಚೂರು ಕೈಗೆ ತಗುಲಿತು.

"ಬಂದಿತ್ತು. ನಾಲ್ಕು ದಿನ. ಇದನ್ನ ಹಣೆಗೆ ಒತ್ತಿ ಅವಳನ್ನ ಶೆಡ್ಡಿನೊಳಗೆ ತಳ್ಳಿದ್ದು ನಾನೇ, ತಾಯಿ."

"ಬೊಗಳ್ಬೇಡ ಮುದುಕಿ! ನಾಳೆಯಿಂದ ಕೆಲ್ಸದ ಕಡೆ ತಲೆ ಹಾಕ್ಬೇಡ" ಎಂದು ಸೂಪರ್‌ವೈಸರ್ ಗದರಿದ.

ಡಾಕ್ಟರಮ್ಮ ಬೈಯಲಿಲ್ಲ, ನರ್ಸನ್ನು ಕೂಗುತ್ತ ಓಡಿದರು. ಮುಖಕ್ಕೆ ಉಗಿದಿದ್ದರೆ ಒರೆಸಿಕೊಳ್ಳಬಹುದಿತ್ತು. ಸೊಸೆ ಗೋಡೆಯ ಕಡೆ ತಿರುಗಿದಳು.

ಮರುದಿನ ಬೆಳಿಗ್ಗೆಯೂ ಔಷಧಿ ಹನಿಯುತ್ತಲೇ ಇತ್ತು. "ಈಗಲೇ ಏನೂ ಹೇಳೋಕಾಗಲ್ಲ" ಅಂದರು. ನಾನು ತಿರುವಿನ ನಲ್ಲಿಗೆ ಹೋದೆ. ಮೂರು ತಿಂಗಳ ಬಸುರಿಯೊಬ್ಬಳು ಹಣೆಗೆ ಬಟ್ಟೆ ಒತ್ತಿಕೊಂಡು ಎಣಿಸುತ್ತಿದ್ದಳು. ನಲ್ಲಿಯ ಸುತ್ತ ನಿಂತಿದ್ದವರಿಗೂ ಕೇಳುವಂತೆ ನನ್ನ ಮೊಮ್ಮಗುವಿನ ಎದೆಯ ಸುದ್ದಿ ಹೇಳಿದೆ. ಯಾರಿಂದ ಆಯಿತೆಂಬುದನ್ನೂ ಹೇಳಿದೆ.

"ಕೆಲ್ಸ ಹೋದ್ರೆ ನೀನು ಅನ್ನ ಹಾಕ್ತೀಯಾ?"

"ಇಲ್ಲ ಕಣೇ. ನಂದೇ ಹೋಗಿದೆ."

ಅವಳು ಹಣೆಯಿಂದ ಬಟ್ಟೆ ತೆಗೆದಳು. ಅದನ್ನು ಚರಂಡಿಗೆ ಎಸೆದಳು.

ಸಾಲಿನಲ್ಲಿ ಅವಳೇ ಮೊದಲು. ಗನ್ನು ಕೆಂಪಾಯಿತು. ಅವಳ ಹಿಂದಿನವಳು ಸೆರಗಿನಿಂದ ಹಣೆಯ ತಂಪು ಹೋಗುವಂತೆ ಉಜ್ಜಿಕೊಂಡಳು. ಕೆಂಪು. ಮೂರನೆಯವಳಿಗೆ ಹಸಿರು, ಆದರೂ ಅವಳು ಒಳಗೆ ಕಾಲಿಡಲಿಲ್ಲ.

ಸೂಪರ್‌ವೈಸರ್ ಗನ್ನನ್ನು ಜೇಬಿಗೆ ತುರುಕಿದ. "ಕೆಟ್ಟಿದೆ ಇದು. ಒಳಗೆ ನಡೀರೇ, ಲೌಡಿಗಳಾ!"

ಯಾರೂ ಕದಲಲಿಲ್ಲ. ಅವನ ಬೆನ್ನ ಹಿಂದೆ ಕೂಸುಗಳ ಬಟ್ಟೆಯ ರಾಶಿ ಹಾಗೇ ಬಿದ್ದಿತ್ತು.